ಫಿಜಿಗೆ ಹೊರಡುವ ಮುನ್ನ

ಸಿಡ್ನಿಯಲ್ಲಿರುವ ಮಗ ನನ್ನನ್ನೂ ಮಡದಿಯನ್ನೂ ಫಿಜಿಗೆ ಕರೆದೊಯ್ಯುವ ಸಿದ್ಧತೆಯಲ್ಲಿದ್ದಾನೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಅಲ್ಲಿ ಚಂಡಮಾರುತದ ಕಾಲವಾದ್ದರಿಂದ ಜುಲೈ ತಿಂಗಳನ್ನು ಆರಿಸಿದ್ದಾನೆ. ಅವನು ಕಳುಹಿಸಿದ ಪಟ್ಟಿಯಲ್ಲಿ ಐದು ದಿನವೂ ಕಡಲತೀರ, ಹವಳದ ದಿಬ್ಬ, ದೋಣಿವಿಹಾರ. ಓದಿ ನಾಚಿಕೆಯಾಯಿತು, ಅವನ ಬಗೆಗಲ್ಲ, ನನ್ನ ಬಗೆಗೆ. ಮೂವತ್ತು ವರ್ಷ ಭೂಗೋಳ ಕಲಿಸಿದ ನಾನು 'ಫಿಜಿಯ ಮುಖ್ಯ ಬೆಳೆ ಕಬ್ಬು' ಎಂದು ಬರೆಸಿದೆನೇ ಹೊರತು, ಆ ಕಬ್ಬನ್ನು ಕಡಿದವರಾರೆಂದು ಒಮ್ಮೆಯೂ ಹೇಳಲಿಲ್ಲ. ಆ ತರಗತಿಯಲ್ಲಿ ಮಗನೂ ಕುಳಿತಿದ್ದ.

1879ರಲ್ಲಿ 'ಲಿಯೊನಿಡಾಸ್' ಹಡಗು ಕಲ್ಕತ್ತೆಯಿಂದ ಮೊದಲ ಕೂಲಿಗಳನ್ನು ಅಲ್ಲಿಗೊಯ್ದಿತು. 1916ರವರೆಗೆ ಸುಮಾರು 60,000 ಭಾರತೀಯರು ಐದು ವರ್ಷಗಳ ಕರಾರಿಗೆ ಒಳಪಟ್ಟು ಹೋದರು. 1903ರಿಂದ ಮದರಾಸಿನಿಂದಲೂ ಹಡಗುಗಳು ಹೊರಟವು. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಗಿರ್ಮಿಟ್ ಎಂದರೆ ಚುರುಮುರಿಯ ತಿನಿಸು. ಅವರ ನಾಲಿಗೆಯಲ್ಲಿ ಅದು 'ಅಗ್ರಿಮೆಂಟ್' ಎಂಬುದರ ಅಪಭ್ರಂಶ. ಹಲವರು ಮರಳಿ ಊರು ಕಾಣಲಿಲ್ಲ.

ಕಡಲು ನೋಡಬಾರದೆಂದಲ್ಲ. ಆದರೆ ಅವರು ಬೆವರು ಸುರಿಸಿದ ನೆಲಕ್ಕೆ ಹೋಗಿ ಬರಿಯ ಮರಳು ತುಳಿದು ಬರುವುದು ತರವಲ್ಲ. ಒಂದು ದಿನವನ್ನು ನಾಂದಿ ಪಟ್ಟಣದ ಶಿವ ಸುಬ್ರಹ್ಮಣ್ಯ ದೇವಾಲಯಕ್ಕೂ ಲೌಟೋಕಾ ಕಡೆಯ ಕಬ್ಬಿನ ಗದ್ದೆಗಳಿಗೂ ಮೀಸಲಿಡೆಂದು ಮಗನಿಗೆ ಬರೆದಿದ್ದೇನೆ. ಬಿಟ್ಟುಹೋದ ಪಾಠವನ್ನು ಅಲ್ಲಿಯಾದರೂ ಮುಗಿಸಬೇಕಾಗಿದೆ.