ಮಾತ್ರೆ ಕಳೆದವರೆಲ್ಲ ಮಾರಿಕೊಂಡವರಲ್ಲ

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಕಳೆದುಹೋದರೆ ಮಂಡಳಿ ನಕಲು ಕೊಡುತ್ತದೆ. ಡ್ರೈವಿಂಗ್ ಲೈಸೆನ್ಸ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಎಲ್ಲಕ್ಕೂ ಒಂದು ಅರ್ಜಿ, ಒಂದಿಷ್ಟು ಶುಲ್ಕ, ಸರದಿಯಲ್ಲಿ ಒಂದಿಷ್ಟು ಹೊತ್ತು. ಗೊಣಗಿಕೊಂಡಾದರೂ ಕೆಲಸ ಮಾಡಿಕೊಡುತ್ತಾರೆ. ಜನ ವಸ್ತು ಕಳೆದುಕೊಳ್ಳುತ್ತಾರೆ ಎಂಬುದನ್ನು ಸರ್ಕಾರ ಎಂದೋ ಒಪ್ಪಿಕೊಂಡು ಅದಕ್ಕೊಂದು ಕೌಂಟರ್ ತೆರೆದಿದೆ. ಗಮನದ ಕೊರತೆಯ ಸಮಸ್ಯೆಯಾದ ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆಯ ಶೀಟು ಕಳೆದರೆ ಮಾತ್ರ ಅಂಥ ಕೌಂಟರ್ ಇಲ್ಲ. ಅಲ್ಲಿ ಮೊದಲು ಎದುರಾಗುವುದು ಅನುಮಾನ.

ನನ್ನ ಸ್ನೇಹಿತರೊಬ್ಬರ ಮಗ ಸಿಂಧನೂರಿನ ಖಾಸಗಿ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಾನೆ. ತೋರಿಸಿಕೊಳ್ಳುವುದು ಬೆಂಗಳೂರಿನ ಮನೋವೈದ್ಯರ ಹತ್ತಿರ. ತಿಂಗಳ ಮಾತ್ರೆ ತೆಗೆದುಕೊಂಡು ರಾತ್ರಿ ಸ್ಲೀಪರ್ ಬಸ್ಸು ಹತ್ತಿದವನು ಬೆಳಿಗ್ಗೆ ಇಳಿಯುವಾಗ ಪೌಚನ್ನು ದಿಂಬಿನ ಪಕ್ಕದಲ್ಲೇ ಬಿಟ್ಟ. ಬಸ್ಸಿನವರು ಹುಡುಕಿದರು, ಸಿಗಲಿಲ್ಲ. ಬೆಂಗಳೂರಿನ ಅದೇ ಮೆಡಿಕಲ್ಸ್‌ಗೆ ಫೋನ್ ಮಾಡಿದ. "ಆ ಚೀಟಿ ಮೇಲೆ ಸೀಲ್ ಬಿದ್ದಾಯ್ತು ಸರ್, ಹೊಸ ಚೀಟಿ ತನ್ನಿ, ಎರಡು ಕಾಪಿ." ಕ್ಲಿನಿಕ್‌ಗೆ ಮಾಡಿದ. "ಮೊನ್ನೆ ತಾನೆ ಪೂರ್ತಿ ತಿಂಗಳಿಗೆ ಬರೆದುಕೊಟ್ಟಿದ್ದಾರಲ್ಲ? ಡಾಕ್ಟ್ರು ನೋಡದೆ ಕೊಡಲ್ಲ." ಊರಿನ ಅಂಗಡಿಗಳಲ್ಲಿ ಕೇಳಿದರೆ ಆ ಹೆಸರಿನ ಮಾತ್ರೆಯನ್ನೇ ಇಟ್ಟಿಲ್ಲ. ಕೊನೆಗೆ ಮನೆಯಲ್ಲಿ ಅಪ್ಪ ದನಿ ತಗ್ಗಿಸಿ ಕೇಳಿದರಂತೆ: "ಖರೇ ಹೇಳು, ಯಾರಿಗರೆ ಕೊಟ್ಟಿಯೇನು?"

ಅಂಗಡಿಯವರ ಮಾತಿಗಿಂತ ಅವನಿಗೆ ಹೆಚ್ಚು ನೋವಾದದ್ದು ಈ ಪ್ರಶ್ನೆಯಿಂದ. ಅಪ್ಪನನ್ನು ನಾನು ದೂರುವುದಿಲ್ಲ. ಊರೆಲ್ಲ ಒಂದೇ ದಿಕ್ಕಿಗೆ ಬೆರಳು ತೋರಿಸುವಾಗ ಮನೆಯವರೂ ಅತ್ತಲೇ ನೋಡುತ್ತಾರೆ.

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿಯಲ್ಲಿ ಎಡಿಎಚ್‌ಡಿಯ ಗಮನದ ಕೊರತೆಗೆ 9 ಲಕ್ಷಣಗಳನ್ನು ಪಟ್ಟಿ ಮಾಡಿದ್ದಾರೆ. ನಮ್ಮ ಮನೋವೈದ್ಯರ ಮೇಜಿನ ಮೇಲೂ ಇರುವ ಪುಸ್ತಕ ಅದು. ಬೇಕಾದ ವಸ್ತುಗಳನ್ನು ಪದೇ ಪದೇ ಕಳೆದುಕೊಳ್ಳುವುದು ಆ ಪಟ್ಟಿಯಲ್ಲಿದೆ. ಕೀಲಿ, ಪರ್ಸು, ಕನ್ನಡಕ, ಮೊಬೈಲ್ ಎಂದು ಉದಾಹರಣೆಗಳೂ ಇವೆ. ದಿನನಿತ್ಯದ ಕೆಲಸಗಳಲ್ಲಿ ಮರೆವು ಇನ್ನೊಂದು ಲಕ್ಷಣ. ಹೀಗೆ ಕಳೆದುಕೊಳ್ಳುತ್ತೀಯ ಎಂಬ ಕಾರಣಕ್ಕೇ ಒಬ್ಬನಿಗೆ ರೋಗವಿದೆ ಎಂದು ಬರೆದು, ಮಾತ್ರೆ ಕೊಟ್ಟು, ಆ ಮಾತ್ರೆಯನ್ನು ಕಳೆದಾಗ "ಹೇಗೆ ಕಳೆಯಿತು?" ಎಂದು ಹುಬ್ಬೇರಿಸುವ ವೈದ್ಯರು ತಮ್ಮದೇ ಚೀಟಿಯನ್ನು ಒಮ್ಮೆ ತಿರುಗಿಸಿ ಓದಿಕೊಳ್ಳಲಿ.

ಕಾನೂನೇ ಹಾಗಿದೆ, ನಾವೇನು ಮಾಡೋಣ ಎನ್ನುವುದು ಸಿದ್ಧ ಉತ್ತರ. ಆ ಕಾನೂನನ್ನೇ ನೋಡೋಣ. ಮೀಥೈಲ್‌ಫೆನಿಡೇಟ್ 1945ರ ಔಷಧ ಮತ್ತು ಕಾಂತಿವರ್ಧಕ ನಿಯಮಗಳ ಶೆಡ್ಯೂಲ್ ಎಕ್ಸ್‌ನಲ್ಲಿದೆ. ಮಾದಕದ್ರವ್ಯಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಮನೋದ್ರವ್ಯಗಳ ಪಟ್ಟಿಯಲ್ಲೂ ಇದೆ. ಆದ್ದರಿಂದ ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದನ್ನು ಅಂಗಡಿಯವರು 2 ವರ್ಷ ಇಟ್ಟುಕೊಳ್ಳಬೇಕು, ದಾಸ್ತಾನು ಬೀಗದ ಕಪಾಟಿನಲ್ಲಿರಬೇಕು, ಮಾರಲು ಪ್ರತ್ಯೇಕ ಲೈಸೆನ್ಸ್ ಬೇಕು. ಇದರಲ್ಲಿ ಯಾವುದಕ್ಕೂ ನನ್ನ ತಕರಾರಿಲ್ಲ. ಒಂದು ಚೀಟಿಗೆ ಒಂದೇ ಸಲ ಮಾತ್ರೆ ಎಂಬುದು 1945ರ ನಿಯಮಗಳಲ್ಲಿ 65ನೆಯದು. ಆದರೆ ಎಷ್ಟು ಸಲ, ಎಷ್ಟು ದಿನಕ್ಕೊಮ್ಮೆ ಕೊಡಬಹುದೆಂದು ವೈದ್ಯರೇ ಚೀಟಿಯಲ್ಲಿ ಬರೆದರೆ ಅದರಂತೆ ಕೊಡಬಹುದೆಂದು ಅದೇ 65ನೇ ನಿಯಮ ಹೇಳುತ್ತದೆ. ಕಳೆದುಹೋದ ಮಾತ್ರೆಗೆ ಬದಲಿ ಬರೆಯಕೂಡದು ಎಂಬ ಸಾಲು ಆ ನಿಯಮದಲ್ಲಿ ಇಲ್ಲ. ಅದು ನಮ್ಮ ಕ್ಲಿನಿಕ್ಕುಗಳು ತಾವೇ ಸೇರಿಸಿಕೊಂಡ ಸಾಲು.

ಇನ್ನೊಂದು ನಿಯಮ ಇದಕ್ಕಿಂತ ಸ್ವಾರಸ್ಯಕರ. 1985ರ ಎನ್‌ಡಿಪಿಎಸ್ ನಿಯಮಗಳಲ್ಲಿ 66ನೆಯದು ಒಬ್ಬ ರೋಗಿ ಸ್ವಂತ ಚಿಕಿತ್ಸೆಗಾಗಿ ಒಂದು ಸಲಕ್ಕೆ 100 ಡೋಸ್‌ವರೆಗೆ ಮನೋದ್ರವ್ಯ ಇಟ್ಟುಕೊಳ್ಳಲು ಬಿಡುತ್ತದೆ. ದೀರ್ಘಕಾಲದ ಚಿಕಿತ್ಸೆ ಎಂದು ವೈದ್ಯರು ನಿರ್ದಿಷ್ಟವಾಗಿ ಬರೆದುಕೊಟ್ಟರೆ 300ರವರೆಗೆ. ಮಾದಕದ್ರವ್ಯದ ವಿಷಯದಲ್ಲಿ ಯಾರಿಗೂ ಕರುಣೆ ತೋರದ ಕಾಯ್ದೆ ಎಂದು ಹೆಸರಾದ ಎನ್‌ಡಿಪಿಎಸ್ ಕೂಡ ರೋಗಿಯ ಮೇಲೆ 300 ಮಾತ್ರೆಯಷ್ಟು ನಂಬಿಕೆ ಇಟ್ಟಿದೆ. ಒಂದು ವಾರ ದಾಟಿಸುವ ಏಳು ಮಾತ್ರೆಗೆ ಹಿಂಜರಿಯುತ್ತಿರುವುದು ಕ್ಲಿನಿಕ್ಕಿನ ಮೇಜು.

ಸಿಕ್ಕು ಬೀಳುವುದು ಬೇರೆ ಕಡೆ. 2020ರ ಮಾರ್ಚ್ 25ರಂದು, ದೇಶಕ್ಕೆ ಲಾಕ್‌ಡೌನ್ ಬಿದ್ದ ದಿನವೇ, ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂತು. ಫೋನಿನಲ್ಲೋ ವಿಡಿಯೊದಲ್ಲೋ ನೋಡಿ ಔಷಧಿ ಬರೆಯಲು ವೈದ್ಯರಿಗೆ ಸ್ಪಷ್ಟ ದಾರಿ ಸಿಕ್ಕಿದ್ದು ಅದರಿಂದ. ಆದರೆ ಶೆಡ್ಯೂಲ್ ಎಕ್ಸ್ ಔಷಧಿಗಳನ್ನೂ ಎನ್‌ಡಿಪಿಎಸ್ ಪಟ್ಟಿಯ ದ್ರವ್ಯಗಳನ್ನೂ ಅದು ನಿಷಿದ್ಧ ಪಟ್ಟಿಗೆ ಸೇರಿಸಿತು. ಹೊಸ ರೋಗಿ, ಹತ್ತು ವರ್ಷದ ಹಳೆಯ ರೋಗಿ ಎಂಬ ಭೇದವನ್ನೂ ಮಾಡಲಿಲ್ಲ. ಮುಖ ನೋಡದೆ ಹೊಸಬರಿಗೆ ಇಂಥ ಮಾತ್ರೆ ಬರೆಯಬಾರದು, ಒಪ್ಪೋಣ. ಹೋದ ವಾರ ತಾನೇ ಎದುರಿಗೆ ಕೂರಿಸಿಕೊಂಡು ಬಿಪಿ ನೋಡಿ, ತೂಕ ನೋಡಿ ಬರೆದುಕೊಟ್ಟ ರೋಗಿಗೆ ಅದೇ ಮಾತ್ರೆಯನ್ನು ಅದೇ ಪ್ರಮಾಣದಲ್ಲಿ ಮತ್ತೆ ಬರೆಯಲು ಅವನು ಸಿಂಧನೂರಿನಿಂದ ಮತ್ತೊಮ್ಮೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬರಬೇಕೇ? ಬಂದಾಗ ವೈದ್ಯರು ಹೊಸದಾಗಿ ಪರೀಕ್ಷಿಸುವುದಾದರೂ ಏನನ್ನು, ಅವನ ಖಾಲಿ ಜೇಬನ್ನೇ?

ಬೆಂಗಳೂರಿನವರಿಗೆ ಇದು ಅರ್ಧ ದಿನದ ರಜೆ. ರಾಯಚೂರು, ಬೀದರ್ ಕಡೆಯವರಿಗೆ ಎರಡು ದಿನದ ಸಂಬಳ, ಬಸ್ ಚಾರ್ಜು, ಮತ್ತೊಮ್ಮೆ ಕನ್ಸಲ್ಟೇಶನ್ ಫೀಸು. ದುಡ್ಡಿದ್ದವರು ಹೋಗುತ್ತಾರೆ. ಇಲ್ಲದವರು ಮುಂದಿನ ತಿಂಗಳವರೆಗೆ ಸುಮ್ಮನಿರುತ್ತಾರೆ.

"ನಾಲ್ಕು ದಿನ ಮಾತ್ರೆ ಬಿಟ್ಟರೆ ಪ್ರಾಣವೇನೂ ಹೋಗಲ್ಲ" ಎನ್ನುವವರಿದ್ದಾರೆ. ನಿಜ. ಇದು ಇನ್ಸುಲಿನ್ ಅಲ್ಲ, ಫಿಟ್ಸ್ ಮಾತ್ರೆಯೂ ಅಲ್ಲ. ಭಾನುವಾರವೋ ಬೇಸಿಗೆ ರಜೆಯಲ್ಲೋ ಬಿಡಿ ಎಂದು ವೈದ್ಯರೇ ಕೆಲವು ಮಕ್ಕಳಿಗೆ ಹೇಳುವುದುಂಟು. ಆದರೆ ವೈದ್ಯರು ರಜೆ ನೋಡಿ ಬಿಡಿಸುವುದಕ್ಕೂ ಆಡಿಟ್ ನಡೆಯುವ ವಾರ ಇದ್ದಕ್ಕಿದ್ದಂತೆ ಇಲ್ಲವಾಗುವುದಕ್ಕೂ ಎಷ್ಟು ಅಂತರ! ನಗದು ಎಣಿಸುವ ಹುಡುಗ ಕಟ್ಟಿನ ನಡುವೆ ಲೆಕ್ಕ ತಪ್ಪಿದರೆ ಕೊರತೆ ತುಂಬುವುದು ಅವನೇ. ಬೈಕ್ ಓಡಿಸುವುದೂ ಅವನೇ. 2017ರಲ್ಲಿ ಜಾಮಾ ಸೈಕಿಯಾಟ್ರಿ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಎಡಿಎಚ್‌ಡಿ ಇರುವ 23 ಲಕ್ಷಕ್ಕೂ ಹೆಚ್ಚು ಅಮೆರಿಕನ್ನರ ವಿಮೆ ದಾಖಲೆಗಳನ್ನು ಜಾಲಾಡಿತು. ಒಬ್ಬನೇ ವ್ಯಕ್ತಿ ಔಷಧಿ ಪಡೆದ ತಿಂಗಳುಗಳನ್ನೂ ಪಡೆಯದ ತಿಂಗಳುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ಪಡೆದ ತಿಂಗಳುಗಳಲ್ಲಿ ವಾಹನ ಅಪಘಾತದ ಸಂಭವ ಗಂಡಸರಲ್ಲಿ ಶೇ 38ರಷ್ಟು, ಹೆಂಗಸರಲ್ಲಿ ಶೇ 42ರಷ್ಟು ಕಡಿಮೆ ಇತ್ತು. ಮಾತ್ರೆಯಿಂದಲೇ ಅಷ್ಟೂ ಕಡಿಮೆಯಾಯಿತು ಎಂದು ಇಂಥ ಅಧ್ಯಯನದಿಂದ ಸಾಬೀತಾಗುವುದಿಲ್ಲ. "ಬಿಟ್ಟರೆ ಏನೂ ಆಗಲ್ಲ" ಎಂದು ಕೈಚೆಲ್ಲುವ ಧೈರ್ಯವಂತೂ ಇದನ್ನು ಓದಿದ ಮೇಲೆ ನನಗಿಲ್ಲ.

ದುರುಪಯೋಗದ ಭಯ ಇದಕ್ಕಿಂತ ಗಟ್ಟಿಯಾದದ್ದು. ನಿದ್ದೆಗೆಟ್ಟು ಓದಲು ಈ ಮಾತ್ರೆ ನುಂಗುವವರು ಇದ್ದಾರೆ, ಅವರಿಗೆ ಮಾರುವವರೂ ಇದ್ದಾರೆ. ಕೋಚಿಂಗ್ ಸೆಂಟರುಗಳ ಸುತ್ತ ಪಿಜಿಗಳು ತುಂಬಿರುವ ನಮ್ಮ ಊರುಗಳಲ್ಲಿ ವೈದ್ಯರು ಎಚ್ಚರದಿಂದ ಇರಲೇಬೇಕು. ಆದರೆ ಎಚ್ಚರ ಎಂದರೆ ತಿಳಿದುಕೊಳ್ಳುವುದು. ಕಳೆದೆ ಎಂದು ಹೇಳಿದವನನ್ನು ಕಳ್ಳನಂತೆ ಕಂಡರೆ ಮುಂದಿನ ಸಲ ಅವನು ಹೇಳುವುದೇ ಇಲ್ಲ. ಗೆಳೆಯನಿಂದ ಸಾಲ ಪಡೆದಂತೆ ನಾಲ್ಕು ಮಾತ್ರೆ ಪಡೆಯುತ್ತಾನೆ. ಅದೇ ದುರುಪಯೋಗದ ಮೊದಲ ಮೆಟ್ಟಿಲು. ಇನ್ನು ಕೆಲವರು ಮುಂದೆ ಕಷ್ಟಕ್ಕಿರಲಿ ಎಂದು ದಿನ ಬಿಟ್ಟು ದಿನ ನುಂಗಿ ಡಬ್ಬಿಯಲ್ಲಿ ಕೂಡಿಡುತ್ತಾರೆ. ಬೀಗದ ಕಪಾಟು, ಎರಡು ಪ್ರತಿ ಎಲ್ಲ ಯಾವುದನ್ನು ತಡೆಯಬೇಕಿತ್ತೋ, ಹೆಸರಿಲ್ಲದ ಆ ದಾಸ್ತಾನು ಮನೆಯೊಳಗೇ ಬೆಳೆಯುತ್ತದೆ. ಕಳೆದ ಶೀಟು ಕೆಲವೊಮ್ಮೆ ಮನೆಯೊಳಗೇ, ಸೋಫಾದ ಸಂದಿಯಲ್ಲಿ ಬಿದ್ದಿರುತ್ತದೆ, ಅದೇ ಮನೆಯಲ್ಲಿ ಅಂಬೆಗಾಲಿಡುವ ಮಗು ಇರುತ್ತದೆ ಎಂಬುದನ್ನೂ ನೆನಪಿಡಿ. ಹೆದರದೆ ಹೇಳಿಕೊಳ್ಳುವ ರೋಗಿ ಎಲ್ಲರಿಗೂ ಕ್ಷೇಮ.

ಭಯ ಔಷಧಿಯನ್ನು ನುಂಗಿ ಹಾಕಿದ ಕಥೆ ನಮ್ಮ ದೇಶಕ್ಕೆ ಹೊಸದಲ್ಲ. 1985ರಲ್ಲಿ ಎನ್‌ಡಿಪಿಎಸ್ ಬಂದ ಮೇಲೆ ಮಾರ್ಫಿನ್ ಆಸ್ಪತ್ರೆಗಳಿಂದಲೇ ಮಾಯವಾಗುತ್ತ ಹೋಯಿತು. ಅಫೀಮು ಬೆಳೆಯುವ ದೇಶದಲ್ಲಿ ಕ್ಯಾನ್ಸರ್ ರೋಗಿಗಳು ನೋವಿನಲ್ಲಿ ನರಳಿ ಸತ್ತರು. ಹಲವು ಲೈಸೆನ್ಸುಗಳ ಗೋಜಲಿಗೆ ಬೇಸತ್ತು ಆಸ್ಪತ್ರೆಗಳು ಅದನ್ನು ತರಿಸುವುದನ್ನೇ ಬಿಟ್ಟವು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಉಪಶಮನ ಚಿಕಿತ್ಸೆಯ ಇತರ ವೈದ್ಯರು ವರ್ಷಗಟ್ಟಲೆ ಓಡಾಡಿದ ಮೇಲೆ 2014ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು ಮಾರ್ಫಿನ್‌ನಂಥ ಔಷಧಿಗಳಿಗೆ ದೇಶಕ್ಕೆಲ್ಲ ಒಂದೇ ಸರಳ ದಾರಿ ಮಾಡಿತು. ಮಾರ್ಫಿನ್ ವಿಷಯದಲ್ಲೇ ತಿದ್ದಿಕೊಂಡವರಿಗೆ ಮೀಥೈಲ್‌ಫೆನಿಡೇಟ್ ಯಾವ ಲೆಕ್ಕ? ಇಲ್ಲಿ ಕಾಯ್ದೆಗೆ ಕೈ ಹಾಕುವ ಅಗತ್ಯವೂ ಇಲ್ಲ, ಟೆಲಿಮೆಡಿಸಿನ್ ಮಾರ್ಗಸೂಚಿಯ ಒಂದು ಪಟ್ಟಿ ಬದಲಾದರೆ ಸಾಕು.

ಅಮೆರಿಕ ನೋಡಿ ಕಲಿಯಿರಿ ಎಂದು ನಾನು ಹೇಳುವುದಿಲ್ಲ. ಅಲ್ಲಿರುವ ನಮ್ಮವರನ್ನು ಕೇಳಿದರೆ ಗೊತ್ತಾಗುತ್ತದೆ: ಅಲ್ಲಿ ಇದು ಶೆಡ್ಯೂಲ್ 2, ಒಂದು ಚೀಟಿಗೆ ರೀಫಿಲ್ ಇಲ್ಲ, ಕಳೆದರೆ ಬದಲಿ ಕೊಡುವುದಿಲ್ಲ ಎಂದು ಮೊದಲೇ ರುಜು ಹಾಕಿಸಿಕೊಳ್ಳುವ ಕ್ಲಿನಿಕ್ಕುಗಳಿವೆ. 2022ರ ಅಕ್ಟೋಬರಿನಲ್ಲಿ ಎಡಿಎಚ್‌ಡಿಗೇ ಕೊಡುವ ಇನ್ನೊಂದು ಮಾತ್ರೆ ಆಡೆರಾಲ್‌ಗೆ ಅಭಾವವಿದೆ ಎಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯೇ ಘೋಷಿಸಿದಾಗ ಮಾತ್ರೆ ಕಳೆಯದವರೂ ಅಂಗಡಿಯಿಂದ ಅಂಗಡಿಗೆ ಅಲೆದರು. ಆದರೂ 2020ರಲ್ಲಿ, ನಾವು ಬಾಗಿಲು ಹಾಕಿದ ಅದೇ ದಿನಗಳಲ್ಲಿ, ವಿಡಿಯೊ ಮೂಲಕ ಈ ಔಷಧಿಗಳನ್ನು ಬರೆಯಲು ಅವರು ಅನುಮತಿ ಕೊಟ್ಟರು, ಆಮೇಲೂ ಹಲವು ಸಲ ವಿಸ್ತರಿಸಿದರು. ಅದರಿಂದ ಅನಾಹುತವೂ ಆಯಿತು: ಮನಬಂದಂತೆ ಮಾತ್ರೆ ಬರೆಸಿದ ಆರೋಪದ ಮೇಲೆ ಡನ್ ಎಂಬ ಆನ್‌ಲೈನ್ ಕಂಪನಿಯ ಮುಖ್ಯಸ್ಥೆಯನ್ನು 2024ರ ಜೂನ್‌ನಲ್ಲಿ ಬಂಧಿಸಿದರು. ನಮ್ಮ ಅಧಿಕಾರಿಗಳು ಈ ಪ್ರಕರಣ ಎತ್ತಿ ತೋರಿಸುತ್ತಾರೆಂದು ನನಗೆ ಗೊತ್ತು. ತೋರಿಸಲಿ. ಅಲ್ಲಿ ಎಡವಿದ್ದು ಗುರುತುಪರಿಚಯವಿಲ್ಲದ ಹೊಸಬರಿಗೆ ಜಾಹೀರಾತು ಕೊಟ್ಟು ಕರೆದು ಮಾತ್ರೆ ಹಂಚಿದ ವ್ಯಾಪಾರ. ನಾನು ಕೇಳುತ್ತಿರುವುದು ಎದುರಿಗೆ ಕೂತು ನೋಡಿದ ವೈದ್ಯರು ತಮ್ಮದೇ ರೋಗಿಗೆ ಒಂದು ವಾರದ ಮಾತ್ರೆ ಬರೆಯುವ ಹಕ್ಕು.

ಇದಕ್ಕೆ ಹೊಸ ಇಲಾಖೆ ಕಟ್ಟಬೇಕಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಬಳ್ಳಾರಿಯಿಂದ ಸಿಂಧನೂರು ದೂರವೇನಲ್ಲ. ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಮನೋಚೈತನ್ಯ ಯೋಜನೆ ರಾಜ್ಯ ಸರ್ಕಾರದ್ದೇ. ಬೆಂಗಳೂರಿನ ವೈದ್ಯರು ರೋಗಿಯ ದಾಖಲೆ ಕಳಿಸಿ, ತಾಲ್ಲೂಕಿಗೆ ಬಂದ ಮನೋವೈದ್ಯರು ಅದನ್ನು ನೋಡಿ ಒಂದು ವಾರಕ್ಕೆ ಬರೆದು, ಜಿಲ್ಲಾ ಆಸ್ಪತ್ರೆಯ ಔಷಧಾಲಯದ ಬೀಗದ ಕಪಾಟಿನಲ್ಲಿ ಒಂದಿಷ್ಟು ಮೀಥೈಲ್‌ಫೆನಿಡೇಟ್ ಇದ್ದರೆ ಅರ್ಧ ಸಮಸ್ಯೆ ಇವತ್ತೇ ಮುಗಿಯುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಕೇಂದ್ರ ಸಂಸ್ಥೆಯೂ ನಮ್ಮ ನಿಮ್ಹಾನ್ಸ್. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಸಮಾಧಾನದ ಮಾತು ಸಿಗುತ್ತದೆ. ಈ ಮಾತ್ರೆಯನ್ನು ಫೋನಿನಲ್ಲಿ ಬರೆಯುವಂತಿಲ್ಲ ಎಂಬ ನಿಯಮ ಇರುವವರೆಗೆ ಸಮಾಧಾನವನ್ನೇ ನೀರಿನ ಜೊತೆ ನುಂಗಬೇಕು.

ಅಲ್ಲಿಯವರೆಗೆ ರೋಗಿಗಳು ಮಾಡಬಹುದಾದದ್ದು ಸ್ವಲ್ಪವಿದೆ. ಕಳೆದದ್ದು ಗೊತ್ತಾದ ದಿನವೇ ಬರೆದ ವೈದ್ಯರಿಗೆ ತಿಳಿಸಿ. ಎಲ್ಲಿ, ಯಾವಾಗ, ಎಷ್ಟು ಮಾತ್ರೆ ಉಳಿದಿತ್ತು ಎಂದು ಮೆಸೇಜಿನಲ್ಲಿ ಬರೆದರೆ ಅದೇ ದಾಖಲೆ. ಚೀಟಿಯ ಫೋಟೊ ಮೊಬೈಲಿನಲ್ಲಿರಲಿ. ಎಲ್ಲ ಮಾತ್ರೆಯನ್ನೂ ಒಂದೇ ಚೀಲದಲ್ಲಿ ಹೊರಬೇಡಿ. ಬೇರೆಯವರ ಮಾತ್ರೆ ಮುಟ್ಟಬೇಡಿ, ಹೊಸ ಶೀಟು ಸಿಕ್ಕ ದಿನ ತಪ್ಪಿದ್ದನ್ನೆಲ್ಲ ಸೇರಿಸಿ ನುಂಗಬೇಡಿ.

ಇವನು ಮತ್ತೆ ಕಳೆದರೆ ಎಂದು ವೈದ್ಯರು ಕೇಳುತ್ತಾರೆ. ಕಳೆಯಬಹುದು, ಅವನ ರೋಗವೇ ಅದು. ಆಗ ತಿಂಗಳಿಗೊಮ್ಮೆ ಕೊಡುವ ಬದಲು ವಾರಕ್ಕೊಮ್ಮೆ ಕೊಡುವಂತೆ ಚೀಟಿಯಲ್ಲಿ ಬರೆಯಿರಿ, 65ನೇ ನಿಯಮ ಅಡ್ಡ ಬರುವುದಿಲ್ಲ. ಮಾತ್ರೆಯನ್ನು ಹೆಂಡತಿಯ ಕೈಗೋ ಅಮ್ಮನ ಕೈಗೋ ಕೊಡಿ. ದಿನಕ್ಕೆ ಎರಡು ಸಲ ನುಂಗುವವನಾದರೆ ಒಂದೇ ಸಲ ಸಾಕಾಗುವ ನಿಧಾನ ಕರಗುವ ಮಾತ್ರೆಗೆ ಬದಲಿಸಿ. ಶೆಡ್ಯೂಲ್ ಎಕ್ಸ್‌ಗೆ ಸೇರದ, ಇದೇ ರೋಗಕ್ಕೆ ಕೊಡುವ ಆಟೊಮಾಕ್ಸಿಟಿನ್ ಹಿಡಿಸುತ್ತದೆಯೇ ನೋಡಿ. ಮೂರನೆಯ ಸಲವೂ ಕಳೆದ ಎಂದಾದರೆ ಕರೆಸಿ, ಕೂರಿಸಿ, ಬಾಗಿಲು ಹಾಕಿ ಕೇಳಿ. ಆಗ ಕೇಳುವ ಹಕ್ಕು ನಿಮಗಿದೆ. ಮೊದಲನೆಯ ಸಲಕ್ಕೇ ರಿಸೆಪ್ಷನ್ನಿನ ಫೋನಿನಲ್ಲಿ ಕೇಳಬೇಡಿ.