ಸದಾನಂದ ಗೌಡರ ಮತ ಎಲ್ಲಿ ಬಿತ್ತು?

ಸುಳ್ಯ ತಾಲೂಕಿನ ಅರಂತೋಡಿನ ಮತದಾರರು ಡಿ.ವಿ. ಸದಾನಂದ ಗೌಡರನ್ನು ಲೋಕಸಭೆಗೆ ಆರಿಸಿ ಕಳಿಸಿದ್ದು ಒಂದೇ ಸಲ, 2004ರಲ್ಲಿ. ಕೊಡಗೂ ಸೇರಿದ್ದ ಅಂದಿನ ಮಂಗಳೂರು ಕ್ಷೇತ್ರದಲ್ಲಿ ಅವರು ವೀರಪ್ಪ ಮೊಯಿಲಿಯವರನ್ನು ಸೋಲಿಸಿದ್ದರು. ಗೌಡರು ಮಂಡೆಕೋಲಿನ ದೇವರಗುಂಡದವರು, ಸುಳ್ಯ, ಪುತ್ತೂರಿನ ಕೋರ್ಟುಗಳಲ್ಲಿ ವಕೀಲಿಕೆ ಮಾಡಿದವರು, ಪುತ್ತೂರಿನಿಂದ 1994 ಮತ್ತು 1999ರಲ್ಲಿ ಶಾಸಕರಾದವರು. ನಮ್ಮವರೇ ದೆಹಲಿಗೆ ಹೋದರೆಂಬ ಅಭಿಮಾನ ಈ ಕಡೆ ಇತ್ತು. ಆಮೇಲೆ 2009ರಲ್ಲಿ ಉಡುಪಿ-ಚಿಕ್ಕಮಗಳೂರು, 2014 ಮತ್ತು 2019ರಲ್ಲಿ ಬೆಂಗಳೂರು ಉತ್ತರ. ನಡುವೆ ಸುಮಾರು ಹನ್ನೊಂದು ತಿಂಗಳ ಮುಖ್ಯಮಂತ್ರಿ ಪದವಿ, ಕೇಂದ್ರದಲ್ಲಿ ರೈಲ್ವೆ, ಕಾನೂನು, ಅಂಕಿಅಂಶ, ರಸಗೊಬ್ಬರ ಖಾತೆಗಳು. 2023ರ ನವೆಂಬರಿನಲ್ಲಿ ಚುನಾವಣಾ ರಾಜಕೀಯ ಸಾಕೆಂದರು.

ಇಷ್ಟು ದೀರ್ಘ ಬದುಕಿನಲ್ಲಿ ಅವರು ಯಾವ ಮಸೂದೆಗೆ ಹೌದೆಂದರು, ಯಾವುದಕ್ಕೆ ಬೇಡವೆಂದರು? ಹುಡುಕಲು ಹೊರಟರೆ ಕೈಗೆ ಸಿಗುವುದು ತೀರಾ ಕಡಿಮೆ. ತಪ್ಪು ಅವರದಲ್ಲ. ನಮ್ಮ ಸಂಸತ್ತಿನಲ್ಲಿ ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲೇ ಪಾಸಾಗುತ್ತವೆ. ಸ್ಪೀಕರ್ ಕೇಳುತ್ತಾರೆ, ಒಂದು ಕಡೆಯಿಂದ ಹೌದು, ಇನ್ನೊಂದು ಕಡೆಯಿಂದ ಇಲ್ಲ, ಯಾವುದು ಜೋರಾಗಿ ಕೇಳಿಸಿತೋ ಅದು ಗೆದ್ದಿತು. ಯಾರ ಬಾಯಿಂದ ಏನು ಬಂತೆಂದು ಯಾರೂ ಬರೆದಿಡುವುದಿಲ್ಲ. ಸದಸ್ಯರೊಬ್ಬರು ಆಕ್ಷೇಪಿಸಿ ಮತ ವಿಭಜನೆ ಕೇಳಿದರೆ ಮಾತ್ರ ಹೆಸರು ಹೆಸರಾಗಿ ದಾಖಲೆ ಹುಟ್ಟುತ್ತದೆ. ಆಗ ಗಂಟೆ ಮೊಳಗುತ್ತದೆ. ಮೂರೂವರೆ ನಿಮಿಷ ಕಾದು ಲಾಬಿಯ ಬಾಗಿಲು ಮುಚ್ಚುತ್ತಾರೆ. ಪ್ರತಿ ಆಸನದ ಮುಂದೆ ಹೌದಿಗೆ ಹಸಿರು, ಇಲ್ಲಕ್ಕೆ ಕೆಂಪು, ತಟಸ್ಥಕ್ಕೆ ಹಳದಿ ಗುಂಡಿ. ಫಲಿತಾಂಶ ಗೋಡೆಯ ಫಲಕದಲ್ಲಿ ಬೆಳಗುತ್ತದೆ. ಸಂವಿಧಾನ ತಿದ್ದುಪಡಿಗೆ ವಿಶೇಷ ಬಹುಮತ ಬೇಕಾದ್ದರಿಂದ ಅಲ್ಲಿ ಈ ಎಣಿಕೆ ತಪ್ಪುವುದಿಲ್ಲ. ಉಳಿದದ್ದೆಲ್ಲ ಹೆಚ್ಚಾಗಿ ಗದ್ದಲದಲ್ಲೇ ಮುಗಿದುಹೋಗುತ್ತದೆ. 2020ರ ಸೆಪ್ಟೆಂಬರ್ 20ರಂದು ಕೃಷಿ ಮಸೂದೆಗಳ ಮೇಲೆ ರಾಜ್ಯಸಭೆಯ ಪ್ರತಿಪಕ್ಷಗಳು ಮತ ವಿಭಜನೆ ಕೇಳಿದವು, ಆದದ್ದು ಧ್ವನಿಮತ. ಮರುವರ್ಷ ನವೆಂಬರ್ 29ರಂದು ಅದೇ ಕಾಯ್ದೆಗಳನ್ನು ಎರಡೂ ಸದನಗಳು ಚರ್ಚೆಯಿಲ್ಲದೆ, ಧ್ವನಿಮತದಿಂದಲೇ ಹಿಂಪಡೆದವು. ದೇಶದ ರೈತರು ವರ್ಷವಿಡೀ ಹೋರಾಡಿದ ವಿಷಯದಲ್ಲೂ ತನ್ನ ಸಂಸದ ಏನಂದನೆಂಬುದಕ್ಕೆ ರೈತನ ಕೈಯಲ್ಲಿ ಒಂದು ಸಾಲಿನ ದಾಖಲೆ ಇಲ್ಲ.

ದಾಖಲೆ ಹುಟ್ಟಿದರೂ ಅದರಲ್ಲಿ ಕಾಣುವುದು ಪಕ್ಷದ ಮನಸ್ಸು. 1985ರ 52ನೇ ತಿದ್ದುಪಡಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿಸಿತು. ಪಕ್ಷದ ಆದೇಶವಾದ ವಿಪ್ ಮೀರಿ ಮತ ಹಾಕಿದರೆ, ಅಥವಾ ಹಾಕದೆ ಉಳಿದರೆ, 15 ದಿನದೊಳಗೆ ಪಕ್ಷ ಕ್ಷಮಿಸದಿದ್ದಲ್ಲಿ ಸದಸ್ಯತ್ವವೇ ಹೋಗಬಹುದು. ಆಸೆಗೆ ಬಿದ್ದು ಪಕ್ಷ ಬದಲಿಸುವವರನ್ನು ತಡೆಯಲು ತಂದ ಕಾನೂನು ಇದು. ತಡೆಯಿತೇ? 2019ರ ಜುಲೈಯಲ್ಲಿ ಕರ್ನಾಟಕದಲ್ಲಿ ನಡೆದದ್ದನ್ನು ಎಲ್ಲರೂ ಕಂಡಿದ್ದೇವೆ. ಸರ್ಕಾರ 99-105ರಿಂದ ಬಿತ್ತು, 17 ಶಾಸಕರು ಅನರ್ಹರಾದರು, ಅನರ್ಹರಾದವರಲ್ಲಿ ಹಲವರು ಅದೇ ಡಿಸೆಂಬರಿನ ಉಪಚುನಾವಣೆ ಗೆದ್ದು ಮಂತ್ರಿಗಳಾದರು. ರೆಸಾರ್ಟಿಗೆ ಹೋಗುವವನಿಗೆ ಈ ಕಾನೂನು ಅಡ್ಡ ಬರಲಿಲ್ಲ. ಒಂದು ಮಸೂದೆಯ ಒಂದು ಕಲಮು ತನ್ನ ಜನರಿಗೆ ಹಾನಿಯೆಂದು ಮನಸಾರೆ ನಂಬಿದ ಸದಸ್ಯನ ಬಾಯಿಯನ್ನು ಮಾತ್ರ ಗಟ್ಟಿಯಾಗಿ ಕಟ್ಟಿತು. ನನ್ನನ್ನು ಹೆಚ್ಚು ನೋಯಿಸುವುದು ಇದು.

ಅರಂತೋಡು ಗೌಡರಿಗೆ ಕೊಟ್ಟ ಆ ಐದು ವರ್ಷಗಳಲ್ಲೇ ಒಂದು ದೊಡ್ಡ ಎಣಿಕೆ ನಡೆಯಿತು. 2008ರ ಜುಲೈ 22, ಅಮೆರಿಕದೊಂದಿಗಿನ ಅಣು ಒಪ್ಪಂದದ ಕಾರಣಕ್ಕೆ ಎಡಪಕ್ಷಗಳು ಬೆಂಬಲ ಹಿಂತೆಗೆದ ಮೇಲೆ ಮನಮೋಹನ್ ಸಿಂಗ್ ವಿಶ್ವಾಸ ಮತ ಕೇಳಿದ ದಿನ. ಪರ 275, ವಿರುದ್ಧ 256. ಕರ್ನಾಟಕದ ಬಿಜೆಪಿ ಸಂಸದರಲ್ಲಿ ಮೂವರು ಅಂದು ಸಾಲು ಬಿಟ್ಟರು. ಬೆಂಗಳೂರು ಉತ್ತರದ ಎಚ್.ಟಿ. ಸಾಂಗ್ಲಿಯಾನ, ಧಾರವಾಡ ದಕ್ಷಿಣದ ಮಂಜುನಾಥ ಕುನ್ನೂರ ಸರ್ಕಾರದ ಪರ ನಿಂತರು. ಉಡುಪಿಯ ಮನೋರಮಾ ಮಧ್ವರಾಜ್ ಸರ್ಕಾರದ ವಿರುದ್ಧ ಮತ ಹಾಕಲಿಲ್ಲ. ಪಕ್ಷ ಮೂವರನ್ನೂ ಹೊರಹಾಕಿತು. ಸದಾನಂದ ಗೌಡರು ಆಗ ಪಕ್ಷದ ರಾಜ್ಯಾಧ್ಯಕ್ಷರು. ಮುಂದೆ ಅವರು ಸ್ಪರ್ಧಿಸಿ ಗೆದ್ದ ಎರಡು ಕ್ಷೇತ್ರಗಳನ್ನು ನೋಡಿ: ಉಡುಪಿಯನ್ನೊಳಗೊಂಡ ಉಡುಪಿ-ಚಿಕ್ಕಮಗಳೂರು, ಆಮೇಲೆ ಬೆಂಗಳೂರು ಉತ್ತರ. ಇದಕ್ಕೆ ಅಂದಿನ ಮತವೇ ಕಾರಣವೆಂದು ನಾನು ಹೇಳುವುದಿಲ್ಲ. ಕ್ಷೇತ್ರ ಮರುವಿಂಗಡಣೆಯಾಗಿತ್ತು, ನಡುವೆ ಬೇರೆಯವರೂ ಬಂದು ಹೋಗಿದ್ದರು. ಆದರೆ ಸಾಲಿನಲ್ಲಿ ನಿಂತವರಿಗೂ ಬಿಟ್ಟವರಿಗೂ ಮುಂದಿನ ದಾರಿ ಎಷ್ಟು ಬೇರೆಯಾಗುತ್ತದೆಂಬುದು ಎದ್ದು ಕಾಣುತ್ತದೆ.

ವಿಶ್ವಾಸ ಮತದಲ್ಲಿ ವಿಪ್ ಇರಲಿ, ಒಪ್ಪುತ್ತೇನೆ. ಸರ್ಕಾರ ಉಳಿಯುವ ಪ್ರಶ್ನೆಗೆ ಪಕ್ಷದ ಚಿಹ್ನೆಯ ಮೇಲೆ ಗೆದ್ದವರು ಪಕ್ಷದ ಜೊತೆ ನಿಲ್ಲಬೇಕಾದದ್ದೇ. 1990ರಲ್ಲಿ ದಿನೇಶ್ ಗೋಸ್ವಾಮಿ ಸಮಿತಿ ಹೇಳಿದ್ದೂ ಇಷ್ಟೇ: ಅನರ್ಹತೆಯ ಕತ್ತಿ ಅಂಥ ಮತಗಳಿಗೆ ಸೀಮಿತವಾಗಲಿ. ಕಾಂಗ್ರೆಸ್ಸಿನ ಮನೀಶ್ ತಿವಾರಿ 2010ರಲ್ಲಿ ಇದೇ ಆಶಯದ ಖಾಸಗಿ ಮಸೂದೆ ತಂದರು. ಖಾಸಗಿ ಮಸೂದೆಯೊಂದು ಸಂಸತ್ತಿನಲ್ಲಿ ಕೊನೆಯದಾಗಿ ಕಾಯ್ದೆಯಾದದ್ದು 1970ರಲ್ಲಿ. ತಿವಾರಿಯವರ ಮಸೂದೆಯೂ ಕಾಯ್ದೆಯಾಗಲಿಲ್ಲ.

ಇದೆಲ್ಲ ಅರಂತೋಡಿಗೆ ಏಕೆ ಬೇಕು? ಮಾಣಿ-ಮೈಸೂರು ಹೆದ್ದಾರಿಯಿಂದ ತೊಡಿಕಾನದ ಕಡೆಗೆ ತಿರುಗಿ ಯಾವ ತೋಟಕ್ಕಾದರೂ ಇಳಿಯಿರಿ. ಅಡಿಕೆ ಮರದ ಸೋಗೆ ತುದಿಯಿಂದ ಹಳದಿಗಟ್ಟುತ್ತ ಬರುತ್ತದೆ, ಶಿರ ಸಣ್ಣದಾಗುತ್ತದೆ, ಎಳೆಕಾಯಿ ಉದುರುತ್ತವೆ. ಬಿದ್ದ ಕಾಯಿ ಒಡೆದರೆ ತಿರುಳು ಮೆತ್ತಗೆ, ಕಪ್ಪು. ಗೊಬ್ಬರ, ಮದ್ದು ಯಾವುದೂ ನಾಟುವುದಿಲ್ಲ. ಸಂಪಾಜೆ, ಅರಂತೋಡು, ಮರ್ಕಂಜದ ತೋಟಗಳನ್ನು ಮುಗಿಸುತ್ತಿರುವ ಈ ಹಳದಿ ರೋಗಕ್ಕೆ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣವೆಂದು ಗೊತ್ತಾಗಿದೆ, ಔಷಧಿ ಇಂದಿಗೂ ಇಲ್ಲ. ರಾಜ್ಯ ಸರ್ಕಾರ 2021ರ ಬಜೆಟ್ಟಿನಲ್ಲಿ 25 ಕೋಟಿ ರೂಪಾಯಿ ಘೋಷಿಸಿತು. ಪರಿಹಾರ ಹುಡುಕಬೇಕಾದ ಕೇಂದ್ರದ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಕಾಸರಗೋಡಿನಲ್ಲಿ, ವಿಟ್ಲದಲ್ಲಿ ಇದೆ. ಅದರ ಹಣ ಬರುವುದು ಕೇಂದ್ರ ಕೃಷಿ ಸಚಿವಾಲಯದ ಅನುದಾನ ಬೇಡಿಕೆಗಳಿಂದ. 2018ರ ಮಾರ್ಚ್ 14ರಂದು ಲೋಕಸಭೆ ಎಲ್ಲ ಸಚಿವಾಲಯಗಳ ಬೇಡಿಕೆಗಳನ್ನೂ ಹಣಕಾಸು ಮಸೂದೆಯನ್ನೂ ಗದ್ದಲದ ನಡುವೆ ಅರ್ಧ ಗಂಟೆಯಲ್ಲಿ, ಚರ್ಚೆಯಿಲ್ಲದೆ ಪಾಸು ಮಾಡಿತು. ನಮ್ಮ ತೋಟದ ಪಾಲು ಸಾಕೋ ಸಾಲದೋ ಎಂದು ಕೇಳುವುದಕ್ಕೂ ಅಂದು ಎಡೆ ಇರಲಿಲ್ಲ. ಇನ್ನು ಅಡಿಕೆಯ ಕನಿಷ್ಠ ಆಮದು ಬೆಲೆ. 2023ರ ಫೆಬ್ರುವರಿಯಲ್ಲಿ ಅದು ಕಿಲೋಗೆ 251ರಿಂದ 351 ರೂಪಾಯಿಗೆ ಏರಿದ್ದು ಅಧಿಸೂಚನೆಯಿಂದ, ಸದನದ ಮತದಿಂದಲ್ಲ.

ಇಂಥ ಪ್ರಶ್ನೆ ಕೇಳಬಹುದಿದ್ದ ಗೌಡರ ಕೊನೆಯ ಎರಡು ಅವಧಿಗಳ ಬಹುಪಾಲು ಮಂತ್ರಿಗಿರಿಯಲ್ಲಿ ಕಳೆಯಿತು. ಮಂತ್ರಿಗಳು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಹಾಜರಿ ಪುಸ್ತಕಕ್ಕೂ ಸಹಿ ಹಾಕುವುದಿಲ್ಲ. ಸಂಸದರ ಸಾಧನೆ ಅಳೆಯುವ ಪಟ್ಟಿಗಳಲ್ಲಿ ಆ ವರ್ಷಗಳು ಖಾಲಿ. ಅವರು 2014ರ ಜುಲೈ 8ರಂದು ರೈಲ್ವೆ ಬಜೆಟ್ ಓದಿದರು, ಕಾನೂನು ಮಂತ್ರಿಯಾಗಿ 2015ರಲ್ಲಿ ಮಧ್ಯಸ್ಥಿಕೆ ಕಾಯ್ದೆಯ ತಿದ್ದುಪಡಿ ತಂದರು. ಕೆಲಸ ನಡೆದಿದೆ. ಆದರೆ ಸರ್ಕಾರದ ಭಾಗವಾದ ಮೇಲೆ ಸರ್ಕಾರದ ಮಸೂದೆಗೆ ಬೇಡವೆನ್ನುವ ಮಾತೇ ಇಲ್ಲ.

ಅವರ ಹೆಸರಿಗೆ ನಾನು ಸೇರಿಸುವ ಒಳ್ಳೆಯ ಕೆಲಸ, ಸರ್ಕಾರಿ ಸೇವೆಗೆ ಗಡುವು ಹಾಕಿದ ಸಕಾಲ ಯೋಜನೆ. ಅವರು ಮುಖ್ಯಮಂತ್ರಿಯಾಗಿದ್ದಾಗ, 2012ರ ಏಪ್ರಿಲ್‌ನಲ್ಲಿ, ಅದು ರಾಜ್ಯದೆಲ್ಲೆಡೆ ಜಾರಿಯಾಯಿತು. ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟವನಿಗೆ ಒಂದು ಸಂಖ್ಯೆ ಸಿಗುತ್ತದೆ. ಅದು ಯಾರ ಮೇಜಿನಲ್ಲಿದೆ, ಎಷ್ಟು ದಿನದೊಳಗೆ ಆಗಬೇಕು, ತಡವಾದರೆ ಯಾರು ಹೊಣೆ, ಎಲ್ಲವನ್ನೂ ಕೇಳುವ ಹಕ್ಕು ಬಂತು. ಒಂದು ಸರ್ಟಿಫಿಕೇಟಿನ ಜಾಡು ತಿಳಿಯುವ ಹಕ್ಕನ್ನು ಕೊಡಿಸಿದವರಿಗೆ, ತನ್ನ ವೋಟಿನ ಜಾಡು ಕೇಳುವವನ ಮನಸ್ಸೂ ಅರ್ಥವಾಗುತ್ತದೆಂದು ನಂಬಿದ್ದೇನೆ. ಪ್ರತಿ ಮಸೂದೆಯ ಅಂತಿಮ ಅಂಗೀಕಾರಕ್ಕೂ ಗುಂಡಿ ಒತ್ತಿಸಿ ಹೆಸರು ದಾಖಲಿಸುವುದಕ್ಕೆ ಹೊಸ ಯಂತ್ರ ಬೇಕಿಲ್ಲ, ಪ್ರತಿ ಆಸನದಲ್ಲೂ ಈಗಾಗಲೇ ಇದೆ.

ವಿಪ್ ಈಗ ಗೌಡರಿಗೆ ಅನ್ವಯಿಸುವುದಿಲ್ಲ. ನಾಲ್ಕು ಲೋಕಸಭೆಗಳನ್ನು ಒಳಗಿನಿಂದ ಕಂಡವರು ಅವರು. ಪಕ್ಷದ ಗುಟ್ಟು ಯಾವುದನ್ನೂ ಬಿಟ್ಟುಕೊಡದೆಯೇ ಅವರು ಒಂದು ವಿಷಯ ಬರೆಯಬಹುದು: ಯಾವ ಯಾವ ಮಸೂದೆಯ ದಿನ ತಮ್ಮ ಮನಸ್ಸು ಒಂದು ಕಡೆ, ಮತ ಇನ್ನೊಂದು ಕಡೆ ಇತ್ತು, ಅಂದು ಸುಳ್ಯ, ಪುತ್ತೂರಿನ ಜನರಿಗಾಗಿ ಏನು ಹೇಳಬೇಕೆಂದಿದ್ದರು. ಅಂಥ ದಿನ ಒಂದೂ ಇರಲಿಲ್ಲವೆಂದರೆ ಅದನ್ನೂ ಬರೆಯಲಿ. 2004ರಲ್ಲಿ ಅವರಿಗೆ ಮತ ಹಾಕಿದವರು ಅರಂತೋಡಿನಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ, ಓದುತ್ತಾರೆ.