ಬಾರಾಪೇಡೆಯ ಬಾವಲಿ, ತಳೇವಾಡಿಯ ಮನೆಗಳು



ಖಾನಾಪುರ ತಾಲೂಕಿನ ಭೀಮಗಡದ ಅರಣ್ಯದಲ್ಲಿ, ತಳೇವಾಡಿ ಗ್ರಾಮದ ಸಮೀಪ ಬಾರಾಪೇಡೆ ಎಂಬ ಗುಹೆಗಳಿವೆ. ಅಲ್ಲಿ ದೊರೆತ ಒಂದು ಜಾತಿಯ ಬಾವಲಿಯನ್ನು ಪ್ರಾಣಿಶಾಸ್ತ್ರಜ್ಞ ಓಲ್ಡ್‌ಫೀಲ್ಡ್ ಥಾಮಸ್ 1913ರಲ್ಲಿ ಲೋಕಕ್ಕೆ ಪರಿಚಯಿಸಿ, ಅದಕ್ಕೆ ರಾಟನ್ ಎಂಬ ಅರಣ್ಯಾಧಿಕಾರಿಯ ಹೆಸರನ್ನಿತ್ತರು. ಆ ಬಳಿಕ ಸುಮಾರು ಒಂಬತ್ತು ದಶಕಗಳ ಕಾಲ ಇಡೀ ಭೂಮಂಡಲದಲ್ಲಿ ಅದರ ನೆಲೆಯೆಂದು ತಿಳಿದಿದ್ದುದು ಇದೊಂದೇ. ಮೇಘಾಲಯ ಮತ್ತು ಕಾಂಬೋಡಿಯಾಗಳಲ್ಲಿಯೂ ಅದು ಇದೆಯೆಂಬುದು ಬಹಳ ತಡವಾಗಿ ಕಂಡುಬಂತು.

ಈ ಸಂಗತಿಯನ್ನು ಒಮ್ಮೆ ಧರ್ಮೋಪದೇಶದ ತರಗತಿಯಲ್ಲಿ ಹೇಳಿದಾಗ ಬಾಲಕನೊಬ್ಬನು, “ಫಾದರ್, ಅದರಿಂದ ನಮಗೇನು ಉಪಯೋಗ?” ಎಂದು ಕೇಳಿದನು. ಬಾವಲಿ ಕೀಟಗಳನ್ನು ತಿನ್ನುತ್ತದೆ, ಆದುದರಿಂದ ರೈತನಿಗೆ ಹಿತ ಎಂದು ಉತ್ತರವಿತ್ತೆ. ಉತ್ತರ ಸುಳ್ಳಲ್ಲ, ಆದರೆ ಮನೆಗೆ ಮರಳುವಾಗ ನನಗೇ ಸಮಾಧಾನವಾಗಲಿಲ್ಲ. ಕೂಲಿಯಾಳಿನ ಲೆಕ್ಕದಲ್ಲಿ ಸೃಷ್ಟಿಯನ್ನು ಅಳೆದಂತಾಯಿತಲ್ಲವೇ? ಸೃಷ್ಟಿಯಲ್ಲಿ ಇಷ್ಟೊಂದು ವೈವಿಧ್ಯ ಏಕೆಂಬ ಪ್ರಶ್ನೆಯನ್ನು ಸಂತ ಥಾಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲಿಯೇ ಎತ್ತಿದ್ದರು. ದೇವರ ಒಳಿತನ್ನು ಯಾವ ಒಂದು ಜೀವಿಯೂ ಪೂರ್ಣವಾಗಿ ಪ್ರತಿಬಿಂಬಿಸಲಾರದು, ಒಂದರಲ್ಲಿ ಇಲ್ಲದುದನ್ನು ಇನ್ನೊಂದು ತೋರಬೇಕು ಎಂಬುದು ಅವರ ತರ್ಕ. ಗುರುಮಠದಲ್ಲಿ ಇದನ್ನು ನಾವು ಪರೀಕ್ಷೆಗಾಗಿ ಓದಿ ಮರೆತಿದ್ದೆವು. ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ ಪರಿಪತ್ರದಲ್ಲಿ ಅದನ್ನೇ ನೆನಪಿಸಿದರು. ಹಾಗಾದರೆ ಒಂದು ಜಾತಿ ಅಳಿದಾಗ ನಾವು ಕಳೆದುಕೊಳ್ಳುವುದು ಬೇರೆ ಯಾವುದೂ ತೋರಲಾರದ ಒಂದನ್ನು.

2011ರ ಡಿಸೆಂಬರಿನಲ್ಲಿ ಸುಮಾರು 190 ಚದರ ಕಿಲೋಮೀಟರ್ ವಿಸ್ತಾರದ ಭೀಮಗಡವು ವನ್ಯಜೀವಿಧಾಮವೆಂದು ಘೋಷಿತವಾಯಿತು. ಇದೇ ತಾಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ, ದೇಗಾಂವದಲ್ಲಿ ಮಹಾದಾಯಿ ಹುಟ್ಟುತ್ತವೆ. ಒಂದು ಪೂರ್ವಕ್ಕೆ ಹರಿದು ಹುಬ್ಬಳ್ಳಿ-ಧಾರವಾಡದ ದಾಹ ತಣಿಸಿದರೆ, ಇನ್ನೊಂದು ಗೋವೆಯಲ್ಲಿ ಮಾಂಡೋವಿಯಾಗಿ ಸಮುದ್ರ ಸೇರುತ್ತದೆ. ಬೆಳಗಾವಿ ನಗರದ ನಲ್ಲಿಗಳಿಗೆ ರಾಕಸಕೊಪ್ಪ ಮತ್ತು ಹಿಡಕಲ್‌ಗಳಿಂದ ನೀರು ಬರುವುದರಿಂದ ಈ ಕಾಡು ನಮ್ಮದಲ್ಲವೆಂಬ ಭಾವ ನಮ್ಮಲ್ಲಿ ಅನೇಕರಿಗಿದೆ. ಜಾಂಬೋಟಿ, ಚೋರ್ಲಾ ಮಾರ್ಗವಾಗಿ ಗೋವೆಯ ನಂಟರಲ್ಲಿಗೆ ಹೋಗುವಾಗ ಮಾತ್ರ ಅದು ನಮಗೆ ಕಾಣುತ್ತದೆ. ಆಗ ನಾವು ಅಲ್ಲಿ ಬಿಟ್ಟು ಬರುವ ಬಾಟಲಿಗಳ ಮಾತು ಬೇಡ.

ಆದರೆ ಈ ಕಾಡಿನೊಳಗೆ ಮನುಷ್ಯರೂ ಇದ್ದಾರೆ. ಗವಾಳಿ, ಕೃಷ್ಣಾಪುರ, ಆಮಗಾಂವ, ತಳೇವಾಡಿ ಮೊದಲಾದ ಊರುಗಳು ಧಾಮಕ್ಕಿಂತ ಹಳೆಯವು. ಮಳೆಗಾಲದಲ್ಲಿ ಅಲ್ಲಿನ ರೋಗಿಗಳನ್ನು ಹೆಗಲ ಮೇಲೆ ಹೊತ್ತು ತರಬೇಕು. 2024ರ ಮಳೆಗಾಲದಲ್ಲಿ ಆಮಗಾಂವದ ಮಹಿಳೆಯೊಬ್ಬರನ್ನು ಹಾಗೆ ತಂದ ದೃಶ್ಯವನ್ನು ನಾಡೆಲ್ಲ ಕಂಡಿತು. ಬಳಿಕ ಸ್ವಇಚ್ಛೆಯಿಂದ ಹೊರಬರುವ ಕುಟುಂಬಕ್ಕೆ 15 ಲಕ್ಷ ರೂಪಾಯಿಯೆಂದು ಸರ್ಕಾರ ಹೇಳಿತು. 2025ರ ಮೇ ತಿಂಗಳಲ್ಲಿ ತಳೇವಾಡಿಯ 27 ಕುಟುಂಬಗಳಿಗೆ ಮೊದಲ ಕಂತಾಗಿ ತಲಾ 10 ಲಕ್ಷ ದೊರೆಯಿತು.

ಇಲ್ಲಿ ಎರಡು ಒಳಿತುಗಳು ಎದುರುಬದುರಾಗಿವೆ. ಜನರನ್ನು ಹೊರತಂದರೆ ಕಾಡು ಉಳಿದೀತು ಎನ್ನುವವರನ್ನು ನಾನು ಹಳಿಯುವುದಿಲ್ಲ. ಶಾಲೆಯೂ ಆಸ್ಪತ್ರೆಯೂ ಬೇಕೆಂದು ಹೊರಡುವವರು ಕಾಡಿಗೆ ದ್ರೋಹ ಬಗೆದವರೂ ಅಲ್ಲ. ಆದರೆ ರಸ್ತೆಯಿಲ್ಲ, ವೈದ್ಯರಿಲ್ಲ ಎಂಬ ಸ್ಥಿತಿಯನ್ನು ವರ್ಷಗಟ್ಟಲೆ ಹಾಗೆಯೇ ಬಿಟ್ಟು, ತರುವಾಯ ಪಡೆದ ಒಪ್ಪಿಗೆಯನ್ನು ಪೂರ್ಣ ಸ್ವಇಚ್ಛೆಯೆಂದು ಕರೆಯಲು ನನ್ನ ಮನಸ್ಸು ಹಿಂಜರಿಯುತ್ತದೆ. ಉಳಿಯಬಯಸುವವನಿಗೂ ಔಷಧಿ ಸಿಗುವಂತಿದ್ದಾಗ ಮಾತ್ರ ಹೊರಡುವವನ ಹೌದು ನಿಜವಾದ ಹೌದು. 2006ರ ಅರಣ್ಯ ಹಕ್ಕು ಕಾಯಿದೆಯೂ ವನ್ಯಜೀವಿಗಳ ನೆಲೆಯಿಂದ ಜನರನ್ನು ಸ್ಥಳಾಂತರಿಸುವ ಮುನ್ನ ಅವರ ಹಕ್ಕುಗಳ ಇತ್ಯರ್ಥವನ್ನೂ ಗ್ರಾಮಸಭೆಯ ಮುಕ್ತ ಸಮ್ಮತಿಯನ್ನೂ ಕೇಳುತ್ತದೆ.

ನಮ್ಮ ಪಾಲಿನ ಕೆಲಸವೂ ಇದೆ. ಕಾಡು ಬಿಟ್ಟ ಕುಟುಂಬಗಳು ಖಾನಾಪುರದಲ್ಲಿಯೋ ಬೆಳಗಾವಿಯಲ್ಲಿಯೋ ಬಾಡಿಗೆ ಮನೆ ಕೇಳುತ್ತ ಬಂದಾವು. ಕೈಯಲ್ಲಿ ಒಮ್ಮೆಲೇ ಬಂದ ಹಣವಿದೆಯೆಂದು ತಿಳಿದ ದಲ್ಲಾಳಿಗಳೂ ಬೆನ್ನಿಗೆ ಬಂದಾರು. ಮನೆಯಿರುವವರು ನ್ಯಾಯವಾದ ಬಾಡಿಗೆ ಹೇಳಿರಿ. ಬ್ಯಾಂಕಿನಲ್ಲಿ ಉದ್ಯೋಗದಲ್ಲಿರುವವರು ಠೇವಣಿಯ ಕಾಗದವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ, ಮರಾಠಿಯಲ್ಲಾದರೂ ಸರಿ, ಓದಿ ಹೇಳಿರಿ. ಅವರ ಮಕ್ಕಳು ನಿಮ್ಮ ಮಕ್ಕಳ ತರಗತಿಗೆ ಸೇರಿದಾಗ ಬಾರಾಪೇಡೆಯ ಬಾವಲಿಯ ಕುರಿತು ಅವರನ್ನೇ ಕೇಳುವಂತೆ ಹೇಳಿರಿ. ನನಗಿಂತ ಅವರು ಚೆನ್ನಾಗಿ ಬಲ್ಲರು.